ರಿಪೋರ್ಟ್ ನಾರ್ಮಲ್

ಎಂಆರ್‌ಐ ರಿಪೋರ್ಟ್ ಮೊಬೈಲಿಗೆ ಬಂದಾಗ ನಾನು ಸಿಲ್ಕ್ ಬೋರ್ಡ್ ಹತ್ತಿರದ ಟ್ರಾಫಿಕ್ಕಿನಲ್ಲಿ, ಕ್ಯಾಬಿನ ಹಿಂದಿನ ಸೀಟಿನಲ್ಲಿ, ಮನೆಯಿಂದ ತಂದ ಸಣ್ಣ ದಿಂಬೊಂದನ್ನು ಸೊಂಟಕ್ಕೆ ಕೊಟ್ಟುಕೊಂಡು ಕೂತಿದ್ದೆ. ಎರಡು ಪುಟದ ಪಿಡಿಎಫ್. ಉದ್ದಕ್ಕೂ ಮೂಳೆಗಳ, ನರಗಳ ಹೆಸರು. ನಾನು ನೇರ ಕೊನೆಯ ಸಾಲಿಗೆ ಹೋದೆ. ಹೇಳಿಕೊಳ್ಳುವಂಥ ದೋಷ ಏನೂ ಕಂಡುಬಂದಿಲ್ಲ ಅನ್ನೋದು ಅದರ ಸಾರ.

ಇಂಥ ಸಾಲು ಓದಿ ಜನ ದೇವರಿಗೆ ಕೈಮುಗೀತಾರೆ. ನನಗೆ ಗಂಟಲು ಕಟ್ಟಿತು, ಖುಷಿಗಲ್ಲ. ಒಂದಾದರೂ ಡಿಸ್ಕ್ ಜಾರಿರಬಾರದಿತ್ತಾ ಅನ್ನಿಸಿತು. ಹದಿನಾಲ್ಕು ತಿಂಗಳು ಸೊಂಟ ಹಿಡಿದುಕೊಂಡು ಓಡಾಡಿದ್ದೇನೆ. ನಿಂತು ಕೆಲಸ ಮಾಡೋ ಟೇಬಲ್ ತಗೊಂಡೆ, ಹಾಸಿಗೆ ಬದಲಾಯಿಸಿದೆ, ಮಗಳನ್ನು ಎತ್ತಿಕೊಳ್ಳೋದು ಬಿಟ್ಟೆ. ಇಷ್ಟೆಲ್ಲ ಆದಮೇಲೆ ಮಷೀನು ಏನೂ ಇಲ್ಲ ಅಂತಿದೆ. ಸ್ಲಿಪ್ ಡಿಸ್ಕ್ ಅನ್ನೋದಕ್ಕೆ ಒಂದು ಮರ್ಯಾದೆ ಇದೆ ನೋಡಿ. ಮ್ಯಾನೇಜರಿಗೆ ಹೇಳಬಹುದು, ಮಾವನ ಮನೆಯಲ್ಲಿ ಹೇಳಬಹುದು, ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ ಕುರ್ಚಿ ಜೋಡಿಸೋಕೆ ಕರೆದಾಗ ಹೇಳಬಹುದು. ‘ಎಲ್ಲಾ ನಾರ್ಮಲ್, ಆದ್ರೆ ನೋಯುತ್ತೆ’ ಅಂತ ಯಾರ ಹತ್ತಿರ ಹೇಳೋದು?

ಆ ರಾತ್ರಿ ನನಗೆ ನೆನಪಾಗಿದ್ದು ಅಮ್ಮನ ಎಕ್ಸ್‌ರೇ.

ನಾನು ಮೂರನೇ ಕ್ಲಾಸಿನಲ್ಲಿದ್ದೆ. 1995ರ ಅಕ್ಟೋಬರ್ 24, ಸೂರ್ಯಗ್ರಹಣ. ಉತ್ತರ ಭಾರತದಲ್ಲಿ ಖಗ್ರಾಸ, ನಮ್ಮ ಕಡೆ ಪಾರ್ಶ್ವ. ದೊಡ್ಡವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ, ಹುಡುಗರು ನಾವು ಹಿತ್ತಲಲ್ಲಿ. ಗ್ರಹಣ ನೋಡೋಕೆ ಎಕ್ಸ್‌ರೇ ಹಾಳೆ ಬೇಕು ಅಂತ ದೊಡ್ಡಪ್ಪನ ಮಗ ಹೇಳಿದ. (ಹಾಗೆ ನೋಡಬಾರದು, ಕಣ್ಣಿಗೆ ಅಪಾಯ. ಆಗ ನಮಗೆ ಗೊತ್ತಿರಲಿಲ್ಲ, ನೀವು ಮಾಡಬೇಡಿ.) ಬೀರುವಿನ ಮೇಲೆ ಅಮ್ಮನ ಸೊಂಟದ ಎಕ್ಸ್‌ರೇ ಇತ್ತು. ‘ಅದ್ರಲ್ಲೇನೂ ಇಲ್ವಂತಲ್ಲ, ತಗೊಳ್ರೋ’ ಅಂದರು ಅಜ್ಜಿ. ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿ ಹಂಚಿಕೊಂಡೆವು. ಅಮ್ಮನ ಬೆನ್ನುಮೂಳೆ ಅಡ್ಡ ಹಿಡಿದುಕೊಂಡು ನಾನು ಸೂರ್ಯನನ್ನು ನೋಡಿದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದಳು, ಏನೂ ಅನ್ನಲಿಲ್ಲ.

ಅಮ್ಮನ ನೋವು ನಮ್ಮ ಮನೆಯಲ್ಲಿ ಒಂದು ತಮಾಷೆ ವಿಷಯ ಆಗಿತ್ತು. ‘ಹಬ್ಬ ಬಂದ್ರೆ ಸಾಕು, ಇವಳಿಗೆ ಸೊಂಟ ಹಿಡ್ಕೊಳತ್ತೆ’ ಅಂತ ಅಜ್ಜಿ. ಅಪ್ಪ ಕೆಟ್ಟವರಲ್ಲ, ಹಾಸನಕ್ಕೂ ಮೈಸೂರಿಗೂ ಕರಕೊಂಡು ಹೋಗಿ ತೋರಿಸಿದರು. ಎಲ್ಲಾ ಕಡೆ ಒಂದೇ ಮಾತು: ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ. ಮೂರನೇ ಸಲ ‘ಏನೂ ಇಲ್ಲ’ ಅನ್ನಿಸಿಕೊಂಡು ಬಂದಮೇಲೆ ಅಪ್ಪನಿಗೂ ಅದು ಸಾಬೀತಾದ ಹಾಗಾಯಿತು. ಆಮೇಲೆ ಅಮೃತಾಂಜನದ ಹಳದಿ ಬಾಟಲಿ, ಬಿಸಿನೀರು, ಅಷ್ಟೆ. ನಾನು ಪಿಯುಸಿ ಸೈನ್ಸ್ ಓದ್ತಿದ್ದಾಗ ಒಂದು ದಿನ ದೊಡ್ಡ ವಿಜ್ಞಾನಿ ಥರ ಹೇಳಿದ್ದೆ: ‘ಅಮ್ಮ, ಅದೆಲ್ಲ ನಿನ್ನ ತಲೆಯಲ್ಲಿ ಇರೋದು.’

ಅದಾಗಿ ಇಪ್ಪತ್ತು ವರ್ಷವಾಗಿದೆ. ಆ ವಾಕ್ಯ ಅಕ್ಷರಶಃ ಸರಿ, ಮತ್ತು ನಾನು ಅಂದುಕೊಂಡ ಅರ್ಥದಲ್ಲಿ ಪೂರ್ತಿ ತಪ್ಪು. ಇದು ಗೊತ್ತಾಗೋಕೆ ನನಗೆ ನನ್ನದೇ ಸೊಂಟ ಬೇಕಾಯಿತು.

ಎಲ್ಲ ನೋವೂ ತಲೆಯಲ್ಲೇ ಇರೋದು. ಕಾಲಿಗೆ ಮುಳ್ಳು ಚುಚ್ಚಿದಾಗ ಕಾಲಿನಿಂದ ಹೊರಡೋದು ಸುದ್ದಿ ಮಾತ್ರ. ಅದು ಬೆನ್ನುಹುರಿಗೆ ಹೋಗಿ ಅಲ್ಲಿಂದ ಮಿದುಳಿಗೆ ಏರಬೇಕು. ಅಲ್ಲಿ ಅದು ನೋವಾಗುತ್ತೆ, ಕೆಲವೊಮ್ಮೆ ಆಗೋದಿಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನೋ ಇಬ್ಬರು, ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗಿದೆ, ಅದನ್ನು ತೆಗೆಯೋದು ಮುಚ್ಚೋದರಲ್ಲಿ ಮಿದುಳಿಗೂ ಕೈಯಿದೆ ಅಂದರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆನ್ಜಿಯೊ ರಣರಂಗದಲ್ಲಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯ, ತೀವ್ರವಾಗಿ ಗಾಯಗೊಂಡ ಸೈನಿಕರನ್ನು ನೋವಿಗೆ ಔಷಧ ಬೇಕಾ ಅಂತ ಕೇಳಿದ್ದ. ಸುಮಾರು ಮುಕ್ಕಾಲು ಜನ ಬೇಡ ಅಂದರು. ಅವರಿಗೆ ಆ ಗಾಯ ಅಂದರೆ ಅಪಾಯದಿಂದ ಪಾರಾಗಿ ಆಸ್ಪತ್ರೆಯ ಸುರಕ್ಷತೆಗೆ ಹೋಗೋ ಟಿಕೆಟ್ಟು ಅಂತ ಬೀಚರ್ 1946ರಲ್ಲಿ ಬರೆದ. ಗಾಯ ಎಷ್ಟು ದೊಡ್ಡದೋ ನೋವು ಅಷ್ಟು ಅನ್ನೋ ಲೆಕ್ಕ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ನಾವಿನ್ನೂ ಅದೇ ಲೆಕ್ಕ ಹಿಡಿದು ಕೂತಿದ್ದೀವಿ.

ಇನ್ನೊಂದು ದಿಕ್ಕಿನಿಂದಲೂ ಆ ಲೆಕ್ಕ ತಪ್ಪೇ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳ ಮಾಹಿತಿಯನ್ನು ಹಲವು ಅಧ್ಯಯನಗಳಿಂದ ಒಟ್ಟು ಹಾಕಿ 2015ರಲ್ಲಿ ಒಂದು ಪ್ರಬಂಧ ಬಂತು. ಇಪ್ಪತ್ತು ವರ್ಷದವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು. ಎಂಬತ್ತರಲ್ಲಿ ಶೇ. 96. ಅಂದರೆ ಡಿಸ್ಕ್ ಸವೆದೂ ಆರಾಮಾಗಿ ಓಡಾಡಿಕೊಂಡಿರೋರು ನಿಮ್ಮ ಆಫೀಸಿನ ತುಂಬ ಇದ್ದಾರೆ. ನಾನು ಹಂಬಲಿಸಿದ ಆ ಜಾರಿದ ಡಿಸ್ಕ್ ಸ್ಕ್ಯಾನಿನಲ್ಲಿ ಸಿಕ್ಕಿದ್ದರೂ, ನೋವಿಗೆ ಅದೇ ಕಾರಣ ಅಂತ ಖಚಿತವಾಗಿ ಹೇಳೋಕೆ ಆಗ್ತಿರಲಿಲ್ಲ. ಜನರಿಗೆ ತೋರಿಸೋಕೆ ಒಂದು ಕಾಗದ ಸಿಗ್ತಿತ್ತು, ಅಷ್ಟೆ.

ಹಾಗಾದರೆ ಏನೂ ಇಲ್ಲದೆ ಯಾಕೆ ನೋಯುತ್ತೆ? ನಮ್ಮ ಅಪಾರ್ಟ್‌ಮೆಂಟಿನ ಫೈರ್ ಅಲಾರಂ ಮೊದಲ ವರ್ಷ ಸುಮ್ಮನಿತ್ತು. ಈಗ ಮೂರನೇ ಮಹಡಿಯಲ್ಲಿ ಯಾರಾದರೂ ಒಗ್ಗರಣೆ ಹಾಕಿದರೂ ಹೊಡ್ಕೊಳ್ಳುತ್ತೆ. ಬೆಂಕಿ ಇಲ್ಲ ನಿಜ. ಆದರೆ ಗಂಟೆಯ ಸದ್ದು ಸುಳ್ಳಲ್ಲ, ಕಿವಿ ಇದ್ದವರಿಗೆಲ್ಲ ಕೇಳುತ್ತೆ. ನೋವಿನ ಸುದ್ದಿ ಒಯ್ಯುವ ಬೆನ್ನುಹುರಿಯ ನರಕೋಶಗಳೂ ಹೀಗೆ ಅತಿಸೂಕ್ಷ್ಮ ಆಗಿಬಿಡಬಲ್ಲವು ಅಂತ ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿದ. ಮೊದಲು ಒಂದು ಪೆಟ್ಟು ಬಿದ್ದಿರಬಹುದು, ಅದು ವಾಸಿಯೂ ಆಗಿರಬಹುದು, ಅಲಾರಂ ಮಾತ್ರ ಹಳೇ ಅಭ್ಯಾಸ ಬಿಡೋದಿಲ್ಲ. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅಂತಾರೆ. ಬೇರೆ ಕಾಯಿಲೆಯ ಲಕ್ಷಣವಾಗಿ ಅಲ್ಲದೆ ಅದೇ ಒಂದು ಕಾಯಿಲೆಯಾಗಿ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಈಚಿನ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ ಜಾರಿಗೆ ಬಂದಿದ್ದು 2022ರಲ್ಲಿ. ಅಮ್ಮನಿಗೆ ಸ್ವಲ್ಪ ತಡವಾಯಿತು.

ಇದನ್ನೆಲ್ಲ ನನಗೆ ಹೇಳಿದ್ದು ನೋವಿನ ಚಿಕಿತ್ಸೆಯನ್ನೇ ಮಾಡೋ ಡಾಕ್ಟರೊಬ್ಬರು. ಆದರೆ ಮೊದಲನೇ ಭೇಟಿಯಲ್ಲಿ ಅವರು ಬರೆದುಕೊಟ್ಟ ಮಾತ್ರೆಯ ಹೆಸರನ್ನು ಮೆಡಿಕಲ್ ಶಾಪಿನ ಮುಂದೆ ನಿಂತು ಗೂಗಲ್ ಮಾಡಿದಾಗ ಬಂದ ಮೊದಲ ಪದ ‘ಖಿನ್ನತೆ’. ಡುಲಾಕ್ಸೆಟಿನ್. ನಾನು ಮಾತ್ರೆ ತಗೊಳ್ಳದೆ ಮನೆಗೆ ಬಂದೆ. ‘ಬೆನ್ನು ತೋರಿಸೋಕೆ ಹೋದ್ರೆ ಹುಚ್ಚು ಅಂತ ಬರೆದುಕೊಟ್ಟಿದ್ದಾರೆ’ ಅಂತ ಹೆಂಡತಿ ಮುಂದೆ ಕೂಗಾಡಿದೆ. ‘ನಿನಗೆ ಬೇಜಾರು ಯಾವುದಕ್ಕೆ, ನೋವಿಗಾ, ಆ ಹೆಸರಿಗಾ?’ ಅಂದಳು. ಆಗ ಉತ್ತರ ಹೇಳಲಿಲ್ಲ. ಈಗ ಹೇಳ್ತೀನಿ, ಹೆಸರಿಗೆ. ಅಮ್ಮನಿಗೆ ನಾನು ಅಂಟಿಸಿದ್ದ ಚೀಟಿಯನ್ನು ನನ್ನ ಬೆನ್ನಿಗೇ ಯಾರೋ ಅಂಟಿಸಿದ ಹಾಗಾಗಿತ್ತು.

ಮುಂದಿನ ಭೇಟಿಯಲ್ಲಿ ಡಾಕ್ಟರು ನಕ್ಕರು. ಮನಸ್ಸನ್ನು ಸ್ವಲ್ಪ ಎತ್ತಿ ನಿಲ್ಲಿಸೋ ಸೆರೊಟೋನಿನ್, ನಾರ್‌ಎಪಿನೆಫ್ರಿನ್ ರಾಸಾಯನಿಕಗಳೇ ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸದ್ದು ತಗ್ಗಿಸೋ ದಾರಿಯಲ್ಲೂ ಕೆಲಸ ಮಾಡ್ತವೆ, ಹಾಗಾಗಿ ಔಷಧ ಒಂದೇ ಅಂದರು. ಕನ್ನಡಕ್ಕೆ ಇದು ಹೊಸ ವಿಷಯವೇನಲ್ಲ. ಹಲ್ಲು ನೋಯುತ್ತೆ, ಮಾತು ಕೇಳಿ ಮನಸ್ಸೂ ನೋಯುತ್ತೆ. ನಮ್ಮ ಅಜ್ಜಿಯರು ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದರು. ಬೇರೆ ಬೇರೆ ಡಿಪಾರ್ಟ್‌ಮೆಂಟು ಮಾಡಿದ್ದು ನಾವು.

ಆ ಭೇಟಿಯಲ್ಲೇ ಅವರು ಕೇಳಿದ್ದು: ‘ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ?’

‘ಅಮ್ಮನಿಗೆ ಸೊಂಟನೋವು ಇತ್ತು ಸರ್.’

‘ಏನು ಅಂದಿದ್ರು?’

‘ಏನೂ ಇಲ್ಲ ಅಂದಿದ್ರು.’

ಡಾಕ್ಟರು ಅದನ್ನೂ ಬರೆದುಕೊಂಡರು. ಮೂವತ್ತು ವರ್ಷದಲ್ಲಿ ಅಮ್ಮನ ನೋವು ಒಂದು ಮಾಹಿತಿಯಾಗಿ ದಾಖಲಾಗಿದ್ದು ಬಹುಶಃ ಅದೇ ಮೊದಲು, ಅದೂ ಮಗನ ಫೈಲಿನಲ್ಲಿ.

ಅವತ್ತಿನಿಂದ ನನಗೆ ಜೀನಿನ ಹುಚ್ಚು ಹಿಡಿಯಿತು. ರಾತ್ರಿ ನಿದ್ದೆ ಬರದೆ ಇದ್ದಾಗ ಓದೋದು ಅದನ್ನೇ. ಉತ್ತರ ಪಾಕಿಸ್ತಾನದ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಪ್ರದರ್ಶನ ಕೊಡ್ತಿದ್ದ. ಅವನಿಗೆ ನೋವು ಅಂದರೇನು ಅಂತಲೇ ಗೊತ್ತಿರಲಿಲ್ಲ. ಇನ್ನೂ ಹುಡುಗನಾಗಿದ್ದಾಗಲೇ ಮನೆಯ ಮೇಲಿಂದ ಹಾರಿ ಸತ್ತ. ಅದೇ ಕಡೆಯ ಕುಟುಂಬಗಳಲ್ಲೂ ಇಂಥ ಮಕ್ಕಳಿದ್ದರು, ನಾಲಿಗೆ ತುಟಿ ಕಚ್ಚಿಕೊಂಡು ಗಾಯ ಮಾಡಿಕೊಂಡವರು. ಅವರ ರಕ್ತ ಪರೀಕ್ಷಿಸಿ ಕೇಂಬ್ರಿಜ್‌ನ ಜೆಫ್ರಿ ವುಡ್ಸ್ ಮತ್ತು ಸಂಗಡಿಗರು 2006ರಲ್ಲಿ ಎಸ್‌ಸಿಎನ್9ಎ ಅನ್ನೋ ಒಂದೇ ಜೀನ್ ಕೆಟ್ಟಿರೋದನ್ನು ತೋರಿಸಿದರು. ಅದೇ ಜೀನ್ ಇನ್ನೊಂದು ಥರ ಕೆಟ್ಟರೆ ಉಲ್ಟಾ. ಕೈಕಾಲು ಕೆಂಪಾಗಿ ಬೆಂಕಿಯಲ್ಲಿಟ್ಟ ಹಾಗೆ ಉರಿಯುತ್ತೆ.

ಇನ್ನೊಬ್ಬರು ಸ್ಕಾಟ್ಲೆಂಡಿನ ಜೋ ಕ್ಯಾಮರಾನ್. ಅರವತ್ತು ದಾಟಿದ ಮೇಲೆ ಕೈಗೆ ಆಪರೇಷನ್ ಆದಾಗ ಈಕೆ ನೋವಿನ ಮಾತ್ರೆ ಕೇಳಲೇ ಇಲ್ಲವಲ್ಲ ಅಂತ ಅರಿವಳಿಕೆ ವೈದ್ಯ ದೇವಜಿತ್ ಶ್ರೀವಾಸ್ತವ ಅವರಿಗೆ ಆಶ್ಚರ್ಯ. ಪರೀಕ್ಷೆ ಮಾಡಿಸಿದರೆ, ಆಕೆಯ ದೇಹದಲ್ಲಿ ಆನಂದಮೈಡ್ ಅನ್ನೋ ವಸ್ತು ಕರಗಬೇಕಾದಷ್ಟು ಬೇಗ ಕರಗೋದೇ ಇಲ್ಲ. (1992ರಲ್ಲಿ ಇದನ್ನು ಕಂಡುಹಿಡಿದವರು ಹೆಸರಿಟ್ಟಿದ್ದು ನಮ್ಮ ‘ಆನಂದ’ದಿಂದಲೇ.) ಆಕೆಗೆ ನೋವಷ್ಟೇ ಅಲ್ಲ, ಆತಂಕವೂ ಇಲ್ಲ, ಖಿನ್ನತೆಯ ಪ್ರಶ್ನಾವಳಿಯಲ್ಲಿ ಅಂಕ ಸೊನ್ನೆ. ಒಲೆಯಲ್ಲಿ ಕೈ ಸುಟ್ಟರೆ ವಾಸನೆ ಬಂದಾಗ ಗೊತ್ತಾಗುತ್ತಂತೆ. ಮೈಯ ನೋವೂ ಮನಸ್ಸಿನ ನೋವೂ ಒಂದೇ ನಲ್ಲಿಯಿಂದ ಬಂದ್ ಆಗಿರೋ ಇಂಥ ಉದಾಹರಣೆ ಓದಿದಾಗ ನಾನು ಎದ್ದು ಕೂತೆ.

ನನಗೇನು ಬೇಕಿತ್ತು ಅಂದರೆ, ಉಗುಳಿನ ಸ್ಯಾಂಪಲ್ ಕಳಿಸಿದರೆ ‘ನಿಮ್ಮ ಜೀನಿನ ಈ ಜಾಗದಲ್ಲಿ ದೋಷವಿದೆ, ತಾಯಿಯಿಂದ ಬಂದಿದೆ’ ಅಂತ ಒಂದು ಕಾಗದ ಬರಬೇಕು. ಸತ್ಯ ಅಷ್ಟು ಚೆಂದವಾಗಿಲ್ಲ. ಬ್ರಿಟನ್ನಿನ ಸುಮಾರು 3.87 ಲಕ್ಷ ಜನರ ಜೀನ್ ನೋಡಿ 2019ರಲ್ಲಿ ಬಂದ ಅಧ್ಯಯನ, ಮೈಯ ಹಲವು ಕಡೆ ಕಾಡುವ ದೀರ್ಘಕಾಲದ ನೋವಿನ ಜೊತೆ ಸಂಬಂಧವಿರೋ 39 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲೂ ಚಿಟಿಕೆಯಷ್ಟು. ಖಿನ್ನತೆಯ ಜೀನುಗಳ ಜೊತೆ ಇದರ ನಂಟು 0.53 ಅಂತ ಲೆಕ್ಕ ಬಂತು. ನಂಟೇ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಒಂದೇ ಆಗಿದ್ದರೆ ಒಂದು. ಒಬ್ಬ ಮನುಷ್ಯನ ಮುಂದೆ ಕೂತು ‘ಇವನಿಗೆ ನಿಜವಾಗಲೂ ನೋಯುತ್ತಾ’ ಅಂತ ಹೇಳೋ ಶಕ್ತಿ ಇದರಲ್ಲಿ ಇಲ್ಲ.

ಆದರೆ ನನ್ನನ್ನು ನಿಲ್ಲಿಸಿದ್ದು ವಿಜ್ಞಾನದ ಮಿತಿ ಅಲ್ಲ. ನನಗೆ ಆ ಕಾಗದ ಯಾಕೆ ಬೇಕಿತ್ತು ಅನ್ನೋ ಪ್ರಶ್ನೆ. ಔಷಧಿಗಂತೂ ಅಲ್ಲ. ಅಜ್ಜಿ ‘ಹಣೆಬರಹ’ ಅಂತಿದ್ದ ಜಾಗದಲ್ಲಿ ನಾನು ‘ಜೀನ್’ ಅಂತ ಬರೆಯೋಕೆ ಹೊರಟಿದ್ದೆ, ತಪ್ಪು ನನ್ನದಲ್ಲ ಅಂತ ಹೇಳಿಕೊಳ್ಳೋಕೆ. ಆ ಕಾಗದ ಬಂದಿದ್ದರೆ ಅಮ್ಮನಿಗೂ ಹಿಂದಿನ ತಾರೀಕಿನಿಂದ ಅನ್ವಯ ಆಗ್ತಿತ್ತು. ನಿಜ ಕಣಮ್ಮ, ನೀನು ಸುಳ್ಳು ಹೇಳ್ತಿರಲಿಲ್ಲ, ಇಲ್ಲಿದೆ ನೋಡು ಸಾಕ್ಷಿ. ಇದನ್ನು ಮನಸ್ಸಿನಲ್ಲಿ ಹೇಳಿ ನೋಡಿಕೊಂಡಾಗ ನಾಚಿಕೆಯಾಯಿತು. ಕಾಗದ ಬಾರದಿದ್ದರೆ? ನೆಗೆಟಿವ್ ಅಂತ ಬಂದಿದ್ದರೆ? ಅಮ್ಮ ಮತ್ತೆ ಸುಳ್ಳಿಯಾಗ್ತಿದ್ದಳಾ? ಪರೀಕ್ಷೆ ಅಂತ ಒಂದು ಬಂದರೆ ಅದರಲ್ಲಿ ಫೇಲಾಗೋರೂ ಇರ್ತಾರೆ, ಅವರಿಗೂ ನೋಯ್ತಾ ಇರುತ್ತೆ.

ಎಲೇನ್ ಸ್ಕ್ಯಾರಿ 1985ರಲ್ಲಿ ನೋವಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ನೋವು ಅನುಭವಿಸೋರಿಗೆ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ, ಕೇಳಿಸಿಕೊಳ್ಳೋರಿಗೆ ಅದಕ್ಕಿಂತ ಸಂಶಯಕ್ಕೆ ಜಾಗವಿರೋದು ಇನ್ನೊಂದಿಲ್ಲ ಅನ್ನೋದು ಅದರ ಒಂದು ಮುಖ್ಯ ವಿಚಾರ. ಈ ಎರಡು ದಡಗಳಲ್ಲೂ ನಾನು ನಿಂತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಟೀಮಿನಲ್ಲಿ ಒಬ್ಬ ಹುಡುಗಿಗೆ ತಿಂಗಳಿಗೆ ಎರಡು ಸಲ ಮೈಗ್ರೇನ್. ರಿಲೀಸ್ ಹತ್ತಿರ ಇದ್ದಾಗಲೇ ಬರ್ತಿತ್ತು ಅಥವಾ ನನಗೆ ಹಾಗನ್ನಿಸ್ತಿತ್ತು. ಹಬ್ಬಕ್ಕೆ ಸರಿಯಾಗಿ ಬರ್ತಿದ್ದ ಅಮ್ಮನ ಸೊಂಟನೋವಿನ ಹಾಗೆ. ಡಾಕ್ಟರ್ ಸರ್ಟಿಫಿಕೇಟ್ ಕೇಳಿದೆ. ಅವಳು ತಲೆ ಹಿಡಿದುಕೊಂಡೇ ಹೋಗಿ, ಕ್ಲಿನಿಕ್ಕಿನ ಟ್ಯೂಬ್‌ಲೈಟ್ ಕೆಳಗೆ ಎರಡು ಗಂಟೆ ಕಾದು ತಂದಳು. ಕೆಲವು ತಿಂಗಳಲ್ಲಿ ಬೇರೆ ಟೀಮಿಗೆ ಹೋದಳು. ನಾನೇನೂ ಕೆಟ್ಟದಾಗಿ ಮಾತಾಡಿರಲಿಲ್ಲ, ಪಾಲಿಸಿ ಪ್ರಕಾರವೇ ಮಾಡಿದ್ದೆ.

ಸುಳ್ಳು ಹೇಳೋರು ಇಲ್ವಾ ಅಂತ ನೀವು ಕೇಳಬಹುದು. ಇದ್ದಾರೆ, ನಾನೂ ಜ್ವರ ಅಂತ ಹೇಳಿ ಕ್ರಿಕೆಟ್ ನೋಡಿದ್ದೇನೆ. ಹಾಗಂತ ಲೆಕ್ಕ ಹಾಕಿ ನೋಡಿ. ಸುಳ್ಳು ತಲೆನೋವನ್ನು ನಂಬಿದರೆ ಕಂಪನಿಗೆ ಹೋಗೋದು ಒಂದು ದಿನದ ರಜೆ. ನಿಜವಾದ ತಲೆನೋವನ್ನು ನಂಬದೇ ಹೋದರೆ ಆ ಮನುಷ್ಯ ನೋವಿನ ಜೊತೆಗೆ ಅದರ ವಕೀಲಿಕೆಯನ್ನೂ ಹೊರಬೇಕು. ದಿನಾ ತನ್ನ ನೋವನ್ನು ಇನ್ನೊಬ್ಬರಿಗೆ ಕಾಣೋ ಹಾಗೆ ನಟಿಸಬೇಕು. ನಿಜವಾಗಿ ನೋಯ್ತಿದ್ದರೂ ಸ್ವಲ್ಪ ಕುಂಟಿ ತೋರಿಸಬೇಕಾಗುತ್ತೆ, ನಾನೇ ಆಫೀಸಿನಲ್ಲಿ ಹಾಗೆ ಕುಂಟಿದ್ದೇನೆ. ಆಮೇಲೆ ನೀವು ನಟನೆ ಕಂಡುಹಿಡಿದು, ನೋಡಿದ್ಯಾ ಸುಳ್ಳು ಅಂತೀರಿ.

ನಂಬೋದು ಅಂದರೆ ಕೇಳಿದ ಸ್ಕ್ಯಾನೆಲ್ಲ ಮಾಡಿಸೋದು, ಕೇಳಿದ ಮಾತ್ರೆಯೆಲ್ಲ ಕೊಡೋದು ಅಂತ ಅಲ್ಲ. ನನ್ನ ಡಾಕ್ಟರು ಇನ್ನೊಂದು ಎಂಆರ್‌ಐ ಬೇಡ ಅಂದರು, ನಡೆಯೋಕೆ ಶುರುಮಾಡಿ ಅಂದರು. ಆದರೆ ‘ನೋಯುತ್ತೆ ಅಂತ ಗೊತ್ತು, ನಿಧಾನಕ್ಕೆ’ ಅಂತ ಸೇರಿಸಿದರು. ಆ ಮಾತಿನ ಮೇಲೆ ನಾನು ಹತ್ತು ನಿಮಿಷ ನಡೆದೆ, ಆಮೇಲೆ ಇಪ್ಪತ್ತು. ಮಾತ್ರೆಯನ್ನೂ ತಗೊಂಡೆ. ನೋವು ಹೋಗಿಲ್ಲ. ಮೊದಲು ಅದು ಇಡೀ ಮನೆ ಆಕ್ರಮಿಸಿತ್ತು, ಈಗ ಒಂದು ರೂಮಿನಲ್ಲಿದೆ. ನೋವಿನ ತಜ್ಞರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ಹಳೆಯ ವ್ಯಾಖ್ಯಾನ ತಿದ್ದಿದಾಗ ಕೆಳಗೆ ಕೆಲವು ಟಿಪ್ಪಣಿ ಸೇರಿಸಿತು. ಅದರಲ್ಲೊಂದು, ಯಾರಾದರೂ ನೋಯುತ್ತಿದೆ ಅಂದರೆ ಆ ಮಾತನ್ನು ಗೌರವಿಸಬೇಕು ಅನ್ನೋದು. ವಿಜ್ಞಾನಿಗಳು ಕೂತು ಗೌರವ ಅನ್ನೋ ಪದವನ್ನು ಬರೆದಿಡಬೇಕಾಯಿತು. ನಮ್ಮ ಮನೆಯಲ್ಲಿ ಅದಕ್ಕೆ ಯಾವ ವಿಜ್ಞಾನಿಯೂ ಬೇಕಿರಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ನಾನು ಮಂಚದ ಮೇಲೆ ಬೋರಲು ಮಲಗಿದ್ದಾಗ ಅಮ್ಮ ಬಿಸಿನೀರಿನ ಬ್ಯಾಗು ತಂದು ಸೊಂಟದ ಮೇಲಿಟ್ಟಳು. ನಾನು ಕೇಳದೆಯೇ ಸರಿಯಾದ ಜಾಗಕ್ಕೆ ಇಟ್ಟಳು.

‘ರಿಪೋರ್ಟಲ್ಲಿ ಏನು ಬಂತೋ?’

‘ಏನೂ ಇಲ್ವಂತೆ.’

‘ಹೂಂ’ ಅಂದಳು.

ನಾನು ಎದ್ದು ಕೂತೆ. ಕ್ಷಮೆ ಕೇಳೋದು ಅಂತ ಬೆಂಗಳೂರಿಂದ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ನಮ್ಮ ಮನೆಗಳಲ್ಲಿ ತಾಯಿ ಮಕ್ಕಳು ಹಾಗೆಲ್ಲ ಮಾತಾಡೋದಿಲ್ಲ. ‘ನಿಂಗೆ ಆಗ ಎಲ್ಲಿ ನೋಯ್ತಿತ್ತಮ್ಮ?’ ಅಂತ ಮಾತ್ರ ಕೇಳಿದೆ.

‘ಆಗ ಏನು, ಈಗ್ಲೂ ಇದೆ.’

ನನಗೆ ಗೊತ್ತಿರಲಿಲ್ಲ. ಹೋಗಿರುತ್ತೆ ಅಂದುಕೊಂಡಿದ್ದೆ, ಹೇಳೋದು ನಿಲ್ಲಿಸಿದ್ದಳಲ್ಲ. ಅಮ್ಮ ನನ್ನ ಪಕ್ಕ ಆ ಕಡೆ ತಿರುಗಿ ಕೂತು, ನನ್ನ ಕೈ ಹಿಂದಕ್ಕೆ ಎಳೆದು ಸೀರೆ ನೆರಿಗೆಗಿಂತ ಸ್ವಲ್ಪ ಮೇಲೆ ಇಟ್ಟುಕೊಂಡಳು. ‘ಇಲ್ಲಿ ಒತ್ತು ನೋಡೋಣ.’ ಒತ್ತಿದೆ.

‘ಇನ್ನೂ ಸ್ವಲ್ಪ ಕೆಳಗೆ’ ಅಂದಳು.